ಬಾಗಿಲಲ್ಲಿ ನಿಂತವರು

ಕಪುಚಿನ್ ಸಂನ್ಯಾಸಿಗಳ ಮಠಗಳಲ್ಲಿ, ಪ್ರಾರ್ಥನೆಯ ವೇಳೆಯಲ್ಲೋ ಭೋಜನಶಾಲೆಯಲ್ಲೋ, ಒಬ್ಬ ಸೋದರನು ಪುಸ್ತಕವೊಂದನ್ನು ತೆರೆದು ಅಂದಿನ ತಾರೀಖಿನಂದು ದೈವಾಧೀನರಾದ ಹಿಂದಿನ ಸೋದರರ ಹೆಸರುಗಳನ್ನು ಗಟ್ಟಿಯಾಗಿ ಓದುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹೆಸರು, ಊರು, ಮೃತರಾದ ವರ್ಷ, ವಯಸ್ಸು, ದೀಕ್ಷೆಯಲ್ಲಿ ಕಳೆದ ವರ್ಷಗಳ ಎಣಿಕೆ. ಹೆಚ್ಚೆಂದರೆ ಅವರು ಕೈಗೊಂಡಿದ್ದ ಕಾರ್ಯವನ್ನು ಸೂಚಿಸುವ ಒಂದೆರಡು ಮಾತು. ಈ ಪುಸ್ತಕವನ್ನು ಜೋಡಿಸಿರುವುದು ಸಂವತ್ಸರಗಳ ಅನುಕ್ರಮದಲ್ಲಲ್ಲ, ತಾರೀಖುಗಳ ಅನುಕ್ರಮದಲ್ಲಿ. ಆದ್ದರಿಂದ ಮುನ್ನೂರು ವರ್ಷಗಳ ಹಿಂದೆ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತ ತಾನೂ ಮಡಿದ ತರುಣನೂ, ಹೋದ ವರ್ಷದವರೆಗೆ ಅದೇ ಭೋಜನಶಾಲೆಯ ಮೂಲೆಯಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದ ವೃದ್ಧನೂ ಒಂದೇ ಪುಟದಲ್ಲಿ ನೆರೆಹೊರೆಯವರಾಗುತ್ತಾರೆ. ಪ್ರಾಂತ್ಯದ ಮುಖ್ಯಸ್ಥನಾಗಿದ್ದವನಿಗೂ ಅಡಿಗೆಮನೆಯ ಹೊಗೆಯಲ್ಲಿ ಆಯುಷ್ಯ ಸವೆಸಿದವನಿಗೂ ಅಲ್ಲಿ ದೊರೆಯುವ ಸ್ಥಳ ಹೆಚ್ಚುಕಡಿಮೆ ಒಂದೇ. ಮೃತರನ್ನು ನೆನೆಯುವುದಕ್ಕೆ ಮನುಷ್ಯರು ಕಟ್ಟಿಕೊಂಡಿರುವ ಅನೇಕ ವಿಧಾನಗಳಲ್ಲಿ ಇಷ್ಟು ನ್ಯಾಯವಾದುದು ಮತ್ತೊಂದಿದೆಯೆಂದು ನನಗೆ ತೋರುವುದಿಲ್ಲ. ಆದರೆ ನ್ಯಾಯವಾದ ಆ ಒಂದು ಸಾಲಿನೊಳಗೆ ಒಂದು ಬಾಳು ಹಿಡಿಸಲಾರದು. ಸಂನ್ಯಾಸಿಯು ಏನು ಮಾಡಿದನೆಂಬುದನ್ನು ಬಲ್ಲವರು ಬಹುಪಾಲು ಮಠದ ಹೊರಗಿನವರು, ಅವನಿದ್ದ ಬಾಗಿಲನ್ನು ತಟ್ಟಿದವರು.

ಕ್ರೈಸ್ತ ಸಂನ್ಯಾಸದಲ್ಲಿ ಎರಡು ಹಳೆಯ ದಾರಿಗಳುಂಟು. ಲೋಕದಿಂದ ದೂರ ಸರಿದು, ಪ್ರಾಕಾರದೊಳಗೆ ಪ್ರಾರ್ಥನೆ ಮತ್ತು ಶ್ರಮಗಳಲ್ಲಿ ನೆಲೆನಿಲ್ಲುವ ಆಶ್ರಮವಾಸಿಗಳದು ಒಂದು. ಹದಿಮೂರನೆಯ ಶತಮಾನದ ಆರಂಭದಲ್ಲಿ ಅಸ್ಸಿಸಿಯ ಫ್ರಾನ್ಸಿಸರೂ ಸ್ಪೇನಿನ ದೊಮಿನಿಕರೂ ತೆರೆದದ್ದು ಇನ್ನೊಂದು: ಆಸ್ತಿಯಿಲ್ಲದೆ, ಭಿಕ್ಷೆಯಿಂದಲೂ ದುಡಿಮೆಯಿಂದಲೂ ಹೊಟ್ಟೆ ಹೊರೆಯುತ್ತ, ಪಟ್ಟಣದ ಜನಜಂಗುಳಿಯ ನಡುವೆಯೇ ವಾಸಿಸುವ ಭಿಕ್ಷುಸಂನ್ಯಾಸಿಗಳ ದಾರಿ. ಫ್ರಾನ್ಸಿಸ್ಕನ್ನರು, ದೊಮಿನಿಕನ್ನರು, ಕಾರ್ಮೆಲೈಟರು, ಅಗಸ್ಟೀನಿಯನ್ನರು ಈ ಎರಡನೆಯ ದಾರಿಯವರು. ೧೫೨೮ರಲ್ಲಿ ಪೋಪರ ಮನ್ನಣೆ ಪಡೆದು ಫ್ರಾನ್ಸಿಸರ ಮೂಲನಿಯಮಕ್ಕೆ ಮರಳಹೊರಟ ಕಪುಚಿನ್ನರು ಇದರದೇ ಒಂದು ಕವಲು. ಊರ ನಡುವೆ ಮಠವಿದ್ದ ಮೇಲೆ ಮಠಕ್ಕೊಂದು ಬಾಗಿಲು, ಬಾಗಿಲಿಗೊಂದು ಗಂಟೆ, ಗಂಟೆಯ ಸದ್ದಿಗೆ ಎದ್ದುಬರುವ ಒಬ್ಬ ಸೋದರ ಅನಿವಾರ್ಯವಾದರು. ಈ ಲೇಖನದಲ್ಲಿ ನಾನು ನೆನೆಯಬೇಕೆಂದಿರುವವರಲ್ಲಿ ಹೆಚ್ಚಿನವರು ಅಂಥ ಬಾಗಿಲುಗಳಲ್ಲಿ ನಿಂತವರು.

ಅವರೆಲ್ಲರ ಮರಣಕ್ಕೂ ಮಾದರಿಯಾಗಿ ನಿಂತಿರುವುದು ೧೨೨೬ನೆಯ ಅಕ್ಟೋಬರ್ ೩ರ ಸಂಜೆ. ನಾಲ್ವತ್ತನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಕಣ್ಣು ಕಾಣದೆ, ಮೈಯೆಲ್ಲ ಬೇನೆಯಿಂದ ಜರ್ಜರಿತವಾಗಿ ಪೋರ್ಸಿಯುಂಕುಲದ ಪುಟ್ಟ ದೇವಾಲಯದ ಬಳಿ ಮಲಗಿದ್ದ ಫ್ರಾನ್ಸಿಸರು, ತಮ್ಮನ್ನು ಬತ್ತಲೆಯಾಗಿ ಬರಿನೆಲದ ಮೇಲೆ ಇಳಿಸಬೇಕೆಂದು ಸೋದರರನ್ನು ಕೇಳಿಕೊಂಡರು. ಅಲ್ಲಿದ್ದ ಮುಖ್ಯಸ್ಥನು ಒಂದು ಅಂಗಿಯನ್ನು ತಂದು, ‘ಇದು ನಿಮಗೆ ಕೊಟ್ಟದ್ದಲ್ಲ, ಎರವಲು, ವಿಧೇಯತೆಯಿಂದ ಉಡಬೇಕು’ ಎಂಬ ಅರ್ಥ ಬರುವಂತೆ ಹೇಳಿದಾಗ, ಸಾಯುವ ಗಳಿಗೆಯಲ್ಲಿಯೂ ತಮ್ಮದೆಂಬ ವಸ್ತುವೊಂದು ಇಲ್ಲದಂತಾಯಿತಲ್ಲ ಎಂದು ಅವರಿಗೆ ಪರಮ ಸಂತೋಷವಾಯಿತಂತೆ. ಇದೇ ದಿನಗಳಲ್ಲಿ ಅವರು ರೋಮಿನ ಜಾಕೊಬಾ ಎಂಬ ಸಾಧ್ವಿಗೆ ಬರೆಸಿದ ಕಾಗದದಲ್ಲಿ ಹೊದಿಸುವುದಕ್ಕೆ ಬೂದುಬಣ್ಣದ ಬಟ್ಟೆಯನ್ನೂ, ಹಿಂದೆ ತಾವು ರೋಮಿನಲ್ಲಿ ಕಾಯಿಲೆ ಬಿದ್ದಾಗ ಆಕೆ ಮಾಡಿಕೊಡುತ್ತಿದ್ದ ಬಾದಾಮಿಯ ಸಿಹಿಯನ್ನೂ ತರಬೇಕೆಂದು ಕೇಳಿದ್ದರು. ಸರ್ವಸಂಗ ಪರಿತ್ಯಾಗಿಯೊಬ್ಬನು ಅಂತ್ಯಕಾಲದಲ್ಲಿ ಮಿಠಾಯಿಯನ್ನು ನೆನೆದನೆಂಬ ಈ ಸಂಗತಿಯನ್ನು ಅವರ ಶಿಷ್ಯರು ಮುಚ್ಚಿಡದೆ ಬರೆದಿಟ್ಟರಲ್ಲ, ಅದಕ್ಕಾಗಿ ಅವರಿಗೆ ಕೈಮುಗಿಯಬೇಕು. ಮರಣವನ್ನು ಸೋದರಿಯೆಂದು ಸಂಬೋಧಿಸುವ ಚರಣವನ್ನು ತಮ್ಮ ಸೂರ್ಯಸ್ತುತಿಗೆ ಅವರು ಸೇರಿಸಿದ್ದೂ ಆ ಕೊನೆಯ ದಿನಗಳಲ್ಲಿಯೇ. ಜಗತ್ತಿನ ಎಲ್ಲೆಡೆಯ ಫ್ರಾನ್ಸಿಸ್ಕನ್ ಮನೆಗಳಲ್ಲಿ ಈಗಲೂ ಅಕ್ಟೋಬರ್ ೩ರ ಸಂಜೆ ಈ ಮರಣದ ವೃತ್ತಾಂತವನ್ನು ಓದಿ, ಹಾಡಿ ಸ್ಮರಿಸುತ್ತಾರೆ. ದೊಮಿನಿಕನ್ನರು ತಮ್ಮ ಸಭೆಯ ಮೃತರೆಲ್ಲರಿಗಾಗಿ ನವೆಂಬರ್ ೮ನ್ನೂ ಕಾರ್ಮೆಲೈಟರು ನವೆಂಬರ್ ೧೫ನ್ನೂ ಮೀಸಲಿಟ್ಟಿದ್ದಾರೆ. ಸಾಯುತ್ತಿರುವ ಸೋದರನ ಹಾಸಿಗೆಯ ಸುತ್ತ ನಿಂತು ಮಾತೆ ಮರಿಯಳ ಸ್ತೋತ್ರವನ್ನು ಹಾಡುವುದು ದೊಮಿನಿಕನ್ನರ ಪ್ರಾಚೀನ ಸಂಪ್ರದಾಯ.

ಹೆಸರಿನ ಹಂಬಲವನ್ನು ತೊರೆಯುವುದರಲ್ಲಿ ಕಪುಚಿನ್ನರು ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ರೋಮಿನ ವಿಯಾ ವೆನೆತೊ ಬೀದಿಯಲ್ಲಿರುವ ಅವರ ದೇವಾಲಯವೇ ಸಾಕ್ಷಿ. ಅದರ ನೆಲಮಾಳಿಗೆಯಲ್ಲಿ ಸುಮಾರು ೩,೭೦೦ ಮೃತರ ಅಸ್ಥಿಗಳನ್ನು ಗೋಡೆಗಳಿಗೂ ಕಮಾನುಗಳಿಗೂ ಜೋಡಿಸಿಟ್ಟಿರುವುದನ್ನು ಪ್ರವಾಸಿಗಳು ಬೆರಗಿನಿಂದಲೂ ಅಂಜಿಕೆಯಿಂದಲೂ ನೋಡಿಬರುತ್ತಾರೆ. ನನ್ನ ಮನಸ್ಸನ್ನು ಸೆಳೆಯುವುದು ಮೇಲಿನ ದೇವಾಲಯದ ನೆಲದಲ್ಲಿರುವ ಒಂದು ಕಲ್ಲು. ಪೋಪ್ ಎಂಟನೆಯ ಅರ್ಬನರ ಸಹೋದರನೂ, ಕಪುಚಿನ್ ಸಂನ್ಯಾಸಿಯೂ, ಕಾರ್ಡಿನಲನೂ ಆಗಿದ್ದ ಆಂತೋನಿಯೊ ಬಾರ್ಬೆರಿನಿಯ ಸಮಾಧಿಯದು. ಆ ಕಾಲದ ರೋಮಿನಲ್ಲಿ ಬಾರ್ಬೆರಿನಿ ಮನೆತನದ ಲಾಂಛನವಿಲ್ಲದ ಕಟ್ಟಡ ಅಪರೂಪವೆನ್ನಬಹುದು. ಆದರೆ ೧೬೪೬ರಲ್ಲಿ ತೀರಿಕೊಂಡ ಈತನ ಕಲ್ಲಿನ ಮೇಲೆ ಹೆಸರೂ ಇಲ್ಲ, ಬಿರುದೂ ಇಲ್ಲ. ಇಲ್ಲಿ ಮಲಗಿರುವುದು ಧೂಳು, ಬೂದಿ, ಶೂನ್ಯ ಎಂಬ ಲ್ಯಾಟಿನ್ ಮಾತಷ್ಟೇ ಇದೆ. ಆತನ ಕಾಲದಲ್ಲಿಯೇ, ೧೬೩೦ರ ಮಹಾಮಾರಿಯಲ್ಲಿ, ಮಿಲಾನಿನ ರೋಗಿಗಳ ಬೀಡಿನ ಆಡಳಿತವನ್ನು ಕಪುಚಿನ್ನರು ವಹಿಸಿಕೊಂಡು, ಅವರಲ್ಲಿ ಅನೇಕರು ಅಲ್ಲಿಯೇ ಸತ್ತರು. ಅವರ ಹೆಸರುಗಳೂ ಸ್ಮರಣೆಯ ಪುಸ್ತಕದ ಒಂದೊಂದು ಸಾಲು.

ಬವೇರಿಯಾದ ಆಲ್ಟ್‌ಓಟಿಂಗ್ ಎಂಬ ಯಾತ್ರಾಸ್ಥಳದ ಮಠದಲ್ಲಿ ೪೧ ವರ್ಷ ಬಾಗಿಲು ಕಾಯ್ದ ಸೋದರ ಕಾನ್ರಾಡ್ ರೈತನ ಮಗ. ಮೂವತ್ತು ದಾಟುವವರೆಗೆ ಹೊಲದಲ್ಲಿ ದುಡಿದು, ಪಿತ್ರಾರ್ಜಿತವನ್ನು ಬಿಟ್ಟು ಮಠ ಸೇರಿದ ಆತನಿಗೆ ಸಿಕ್ಕಿದ ಕೆಲಸ ಗಂಟೆಯ ಹಗ್ಗ ಅಲುಗಿದಾಗಲೆಲ್ಲ ಎದ್ದುಹೋಗುವುದು. ಯಾತ್ರಿಕರು ಪೂಜೆಯ ಕಾಣಿಕೆ ಕೊಡಲು, ಭಿಕ್ಷುಕರು ರೊಟ್ಟಿಗೆ, ಊರ ಮಕ್ಕಳು ಬರಿಯ ತುಂಟತನಕ್ಕೆ ಗಂಟೆ ಬಾರಿಸುತ್ತಿದ್ದರು; ಎಲ್ಲರಿಗೂ ಬಾಗಿಲು ಒಂದೇ ಬಗೆಯಾಗಿ ತೆರೆಯುತ್ತಿತ್ತು. ೧೮೯೪ರ ಏಪ್ರಿಲಿನಲ್ಲಿ ಹಾಸಿಗೆ ಹಿಡಿದ ಮೇಲೂ, ಗಂಟೆ ಬಾರಿಸಿದ ಸದ್ದು ಕೇಳಿ ಯಾರೂ ಹೋಗಲಿಲ್ಲವೆಂದು ತಿಳಿದು ಮೇಣದ ಬತ್ತಿ ಹಿಡಿದು ಏಳಹೋದರೆಂದು ಹೇಳುತ್ತಾರೆ. ಆ ತಿಂಗಳ ೨೧ರಂದು ಅವರು ತೀರಿಕೊಂಡರು. ೧೯೩೪ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ಅವರನ್ನು ಸಂತರೆಂದು ಸಾರಿದರು.

ತಾರೀಖಿನ ಲೆಕ್ಕದಲ್ಲಿ ಪುಟ ತಿರುವುತ್ತ ಜುಲೈ ತಿಂಗಳ ಕೊನೆಗೆ ಬಂದರೆ ಕಪುಚಿನ್ನರ ಇಬ್ಬರು ಗುರುಗಳು ಅಕ್ಕಪಕ್ಕದ ದಿನಗಳಲ್ಲಿ ಸಿಗುತ್ತಾರೆ: ೩೦ರಂದು ಪಾದುವಾದ ಲಿಯೊಪೋಲ್ಡ್ ಮಾಂಡಿಚ್, ೩೧ರಂದು ಡೆಟ್ರಾಯಿಟಿನ ಸೊಲಾನಸ್ ಕೇಸಿ. ಇಬ್ಬರೂ ತಾವು ಬಯಸಿದ್ದನ್ನು ಪಡೆಯದೆ, ಕೊಟ್ಟದ್ದನ್ನು ಒಪ್ಪಿಕೊಂಡು, ಅದರಲ್ಲಿಯೇ ಬೆಳೆದವರು. ಏಡ್ರಿಯಾಟಿಕ್ ಕರಾವಳಿಯ ಹೆರ್ಸೆಗ್ ನೋವಿಯಲ್ಲಿ ೧೮೬೬ರಲ್ಲಿ ಹುಟ್ಟಿದ ಲಿಯೊಪೋಲ್ಡರು ಬೆಳೆದು ನಿಂತಾಗಲೂ ನಾಲ್ಕೂವರೆ ಅಡಿಗಿಂತ ಕಡಿಮೆ ಎತ್ತರ. ಮಾತು ತೊದಲುತ್ತಿತ್ತು, ನಡಿಗೆ ಕುಂಟುತ್ತಿತ್ತು. ಪೂರ್ವದೇಶದ ಆರ್ಥೊಡಾಕ್ಸ್ ಕ್ರೈಸ್ತರ ನಡುವೆ ಐಕ್ಯಕ್ಕಾಗಿ ದುಡಿಯಬೇಕೆಂಬುದು ಅವರ ಜೀವಮಾನದ ಆಸೆ. ತೊದಲುವವನು ಉಪದೇಶಕನಾಗಲಾರನೆಂದು ಹಿರಿಯರು ಅವರನ್ನು ಪಾಪನಿವೇದನೆ ಕೇಳುವ ಕೆಲಸಕ್ಕೆ ಇರಿಸಿದರು. ೧೯೦೯ರಿಂದ ಪಾದುವಾದಲ್ಲಿ, ಬೇಸಗೆಯಲ್ಲಿ ಉರಿಯುವ, ಚಳಿಗಾಲದಲ್ಲಿ ಕೊರೆಯುವ ಒಂದು ಪುಟ್ಟ ಕೋಣೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಕಾಲ ಅನ್ಯರ ತಪ್ಪುಗಳನ್ನು ಕೇಳುತ್ತ ಅವರು ಕುಳಿತರು. ನಡುವೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ತಮ್ಮ ಕ್ರೊವೇಷಿಯನ್ ರಾಷ್ಟ್ರೀಯತೆಯನ್ನು ಬಿಟ್ಟುಕೊಡಲೊಪ್ಪದೆ ದಕ್ಷಿಣ ಇಟಲಿಗೆ ಸಾಗಿಸಲ್ಪಟ್ಟದ್ದೂ ಉಂಟು. ಬಹಳ ಸುಲಭವಾಗಿ ಕ್ಷಮಿಸಿಬಿಡುತ್ತೀರೆಂದು ಆಕ್ಷೇಪಿಸಿದವರಿಗೆ, ಶಿಲುಬೆಯ ಮೇಲೆ ಪ್ರಾಣಕೊಟ್ಟ ಸ್ವಾಮಿಯೇ ತಮಗೆ ಈ ಚಾಳಿಯನ್ನು ಕಲಿಸಿದನೆಂಬ ಅರ್ಥದಲ್ಲಿ ಅವರು ಉತ್ತರ ಕೊಡುತ್ತಿದ್ದರು. ತನ್ನ ಎದುರಿಗೆ ಬಂದು ಮಂಡಿಯೂರಿದ ಪ್ರತಿಯೊಬ್ಬನೂ ತನ್ನ ಪಾಲಿನ ಪೂರ್ವದೇಶವೆಂದು ಅವರು ಸಂಕಲ್ಪ ಮಾಡಿಕೊಂಡಿದ್ದರು. ಕೈಗೂಡದ ಆಸೆಯೊಂದನ್ನು ಕೈಬಿಡದೆಯೇ ಕರ್ತವ್ಯದೊಳಗೆ ಅರಗಿಸಿಕೊಳ್ಳುವ ಈ ಪರಿ ನನಗೆ ಅವರ ಮೇಲೆ ಆರೋಪಿತವಾದ ಎಲ್ಲ ಪವಾಡಗಳಿಗಿಂತ ದೊಡ್ಡದೆನಿಸಿದೆ. ೧೯೪೨ರ ಜುಲೈ ೩೦ರ ಮುಂಜಾನೆ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ ಕುಸಿದು ಅಂದೇ ತೀರಿಕೊಂಡರು. ೧೯೪೪ರ ಮೇ ತಿಂಗಳಲ್ಲಿ ಬಾಂಬುಗಳು ಬಿದ್ದು ದೇವಾಲಯವೂ ಮಠದ ಬಹುಭಾಗವೂ ನೆಲಸಮವಾದಾಗ ಆ ಕೋಣೆ ಉಳಿಯಿತು; ಈಗಲೂ ಜನ ಅಲ್ಲಿ ಹೋಗಿ ನಿಲ್ಲುತ್ತಾರೆ.

ಸೊಲಾನಸರ ಕತೆಯನ್ನು ತುಸು ವಿಸ್ತರಿಸಿ ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ರೈತ ದಂಪತಿಗಳ ಹದಿನಾರು ಮಕ್ಕಳಲ್ಲಿ ಆರನೆಯವನಾಗಿ ೧೮೭೦ರಲ್ಲಿ ಹುಟ್ಟಿದ ಬರ್ನಾರ್ಡ್ ಕೇಸಿಗೆ ಬಾಲ್ಯದಲ್ಲಿಯೇ ಗಂಟಲಮಾರಿ ತಗುಲಿತು. ಒಡಹುಟ್ಟಿದವರಲ್ಲಿ ಇಬ್ಬರು ಅದರಿಂದ ಸತ್ತರು, ಈತನು ಉಳಿದನಾದರೂ ದನಿ ಕಡೆಯವರೆಗೂ ಕ್ಷೀಣವಾಗಿಯೇ ಉಳಿಯಿತು. ಮರದ ದಿಮ್ಮಿಗಳನ್ನು ಹೊಳೆಯಲ್ಲಿ ಸಾಗಿಸಿದ್ದು, ಸೆರೆಮನೆಯಲ್ಲಿ ಕಾವಲು ಕಾಯ್ದದ್ದು, ಟ್ರಾಮು ನಡೆಸಿದ್ದು — ಇವೆಲ್ಲ ಆದ ಮೇಲೆ, ಹಳಿಯ ಮೇಲೆ ಕುಡಿದ ನಾವಿಕನೊಬ್ಬ ಹೆಂಗಸೊಬ್ಬಳನ್ನು ಚೂರಿಯಿಂದ ಇರಿಯುತ್ತಿದ್ದುದನ್ನು ಕಣ್ಣಾರೆ ಕಂಡದ್ದು ಆತನ ಮನಸ್ಸನ್ನು ಬೇರೊಂದು ದಿಕ್ಕಿಗೆ ತಿರುಗಿಸಿತು. ಗುರುಶಿಕ್ಷಣಕ್ಕೆ ಸೇರಿದರೆ ಅಲ್ಲಿನ ಪಾಠಗಳು ಜರ್ಮನ್ ಭಾಷೆಯಲ್ಲಿ, ಅಂಕಗಳು ಬರಲಿಲ್ಲ. ೧೮೯೬ರ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಡೆಟ್ರಾಯಿಟಿನ ಕಪುಚಿನ್ ಮಠದ ಬಾಗಿಲಿಗೆ ಬಂದ ಆತನನ್ನು ಅವರು ಸೇರಿಸಿಕೊಂಡು ಸೊಲಾನಸ್ ಎಂಬ ಹೆಸರಿಟ್ಟರು. ಅಲ್ಲಿಯೂ ಶಾಸ್ತ್ರಾಧ್ಯಯನ ತೃಪ್ತಿಕರವಾಗಲಿಲ್ಲವೆಂದು ೧೯೦೪ರಲ್ಲಿ ಗುರುದೀಕ್ಷೆ ಕೊಟ್ಟರೂ, ವಿಧಿಪೂರ್ವಕವಾದ ಪ್ರವಚನ ಮಾಡುವ ಮತ್ತು ಪಾಪನಿವೇದನೆ ಕೇಳುವ ಅಧಿಕಾರವನ್ನು ಕೊಡಲಿಲ್ಲ. ಗುರುವೆನಿಸಿಕೊಂಡೂ ಗುರುವಿನ ಮುಖ್ಯ ಕಾರ್ಯಗಳೆರಡು ನಿಷಿದ್ಧವಾದ ಒಬ್ಬನಿಗೆ ಏನು ಕೆಲಸ ಕೊಡುವುದು? ಪೂಜಾಸಾಮಗ್ರಿಗಳನ್ನು ನೋಡಿಕೊಳ್ಳುವುದು, ಬಾಗಿಲು ತೆರೆಯುವುದು.

ನ್ಯೂಯಾರ್ಕ್ ಪ್ರಾಂತದ ಮಠಗಳಲ್ಲಿ ಇಪ್ಪತ್ತು ವರ್ಷ, ಆಮೇಲೆ ೧೯೨೪ರಿಂದ ೧೯೪೫ರವರೆಗೆ ಡೆಟ್ರಾಯಿಟಿನಲ್ಲಿ, ಸೊಲಾನಸರು ಆ ಕೆಲಸ ಮಾಡಿದರು. ಬಾಗಿಲ ಪಕ್ಕದ ಮೇಜಿನ ಹಿಂದೆ ಕುಳಿತು, ಬಂದವರ ಮಾತನ್ನು ಗಡಿಬಿಡಿಯಿಲ್ಲದೆ ಕೇಳುತ್ತಿದ್ದರು. ಸರದಿ ಎಷ್ಟು ಉದ್ದವಿದ್ದರೂ ಮುಂದಿರುವವನ ಮೇಲೆಯೇ ಅವರ ಗಮನ. ೧೯೨೩ರ ನವೆಂಬರಿನಲ್ಲಿ ಪ್ರಾಂತ್ಯದ ಮುಖ್ಯಸ್ಥರು, ಜನ ಹೇಳಿಕೊಳ್ಳುವ ಅನುಗ್ರಹಗಳನ್ನು ಬರೆದಿಡಬೇಕೆಂದು ಅಪ್ಪಣೆ ಮಾಡಿದರು. ಅಂದಿನಿಂದ ಅವರು ತುಂಬಿಸಿದ ಏಳು ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಮಿಕ್ಕ ನಮೂದುಗಳಿವೆ. ಒಬ್ಬ ತಾಯಿಯ ಹೆಸರು, ಬೀದಿ, ಮಗುವಿನ ಕಾಯಿಲೆ. ಒಬ್ಬ ಕೂಲಿಕಾರ, ಕೆಲಸ ಹೋಗಿದೆ. ಒಬ್ಬ ಗಂಡ, ಕುಡಿತ. ತಾರೀಖಿನೊಡನೆ ಹೀಗೆ ಒಂದೆರಡು ಸಾಲು ಬರೆದು, ಮುಂದೆ ಎಂದಾದರೂ ಸುದ್ದಿ ಬಂದರೆ ಅದನ್ನೂ ಪಕ್ಕದಲ್ಲಿ ಸೇರಿಸಿ, ದೇವರಿಗೆ ಕೃತಜ್ಞತೆಯ ಒಂದು ಮಾತನ್ನಿಡುತ್ತಿದ್ದರು. ಸಂತಪದವಿಯ ವಿಚಾರಣೆ ನಡೆಸುವವರು ಈ ಪುಸ್ತಕಗಳಲ್ಲಿ ರೋಗ ವಾಸಿಯಾದ ನಮೂದುಗಳನ್ನು ಎಣಿಸುತ್ತಾರೆ. ಅದು ಅವರ ಧರ್ಮ. ಆದರೆ ವಾಸಿಯಾದ ಸುದ್ದಿ ಸೇರದ ನಮೂದುಗಳೇ ಹೆಚ್ಚಿನವು, ಅವೂ ಅಷ್ಟೇ ಎಚ್ಚರದಿಂದ ಬರೆಯಲ್ಪಟ್ಟಿವೆ ಎಂಬುದನ್ನು ಮರೆಯಬಾರದು. ಒಂದು ಕೈಗಾರಿಕಾ ನಗರದ ಬಡಜನರ ಎರಡು ದಶಕಗಳ ಸಂಕಟ ಒಬ್ಬ ಬಾಗಿಲು ಕಾಯುವವನ ಕೈಬರಹದಲ್ಲಿ ಉಳಿದಿದೆ. ಇತಿಹಾಸಕಾರರಿಗೆ ಇದಕ್ಕಿಂತ ಬೇರೆ ಏನು ಬೇಕು?

೧೯೨೯ರಲ್ಲಿ ಆರ್ಥಿಕ ಕುಸಿತದಿಂದ ಕಾರ್ಖಾನೆಗಳು ಮುಚ್ಚುತ್ತ ಬಂದು, ಹಸಿದ ಗಂಡಸರು ಮಠದ ಬಾಗಿಲಿಗೆ ಬರತೊಡಗಿದಾಗ ಕಪುಚಿನ್ನರು ಆರಂಭಿಸಿದ ಗಂಜಿಕೇಂದ್ರದಲ್ಲಿ ಸೊಲಾನಸರು ಸೂಪು ಬಡಿಸಿದರು, ಪ್ರಾರ್ಥಿಸಿದರು, ಸುತ್ತಲಿನ ರೈತರಿಂದ ಕಾಯಿಪಲ್ಲೆ ಬೇಡಿತಂದರು. ಆ ಕೇಂದ್ರ ಡೆಟ್ರಾಯಿಟಿನಲ್ಲಿ ಇಂದಿಗೂ ನಡೆಯುತ್ತಿದೆ. ಅವರ ಖಾಸಗಿ ಅಭ್ಯಾಸಗಳೂ ಸೋದರರ ನೆನಪಿನಲ್ಲಿ ಉಳಿದುಕೊಂಡಿವೆ: ಬೆಳಗಿನ ಉಪಾಹಾರದಲ್ಲಿ ಧಾನ್ಯ, ಹಾಲು, ಹಣ್ಣಿನ ರಸ, ಕಾಫಿ ಇವೆಲ್ಲವನ್ನೂ ಒಂದೇ ಬಟ್ಟಲಿಗೆ ಸುರಿದುಕೊಂಡು ತಿನ್ನುತ್ತಿದ್ದುದು, ಪಿಟೀಲು ನುಡಿಸುತ್ತಿದ್ದುದು, ಅದೂ ಸೊಗಸಿಲ್ಲದೆ, ಕೇಳುವವರಿಗೆ ಕಷ್ಟವಾಗುತ್ತಿದೆಯೆಂದು ತಿಳಿದಾಗ ಎದ್ದು ಪ್ರಾರ್ಥನಾಲಯಕ್ಕೆ ಹೋಗಿ ಪರಮಪ್ರಸಾದದ ಮುಂದೆ ಒಬ್ಬರೇ ನುಡಿಸುತ್ತಿದ್ದುದು. ೧೯೫೭ರ ಜುಲೈ ೩೧ರಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವರು ಕಣ್ಣುಮುಚ್ಚಿದರು. ಐವತ್ತಮೂರು ವರ್ಷಗಳ ಹಿಂದೆ ತಮ್ಮ ಮೊದಲ ಬಲಿಪೂಜೆಯನ್ನು ಅರ್ಪಿಸಿದ್ದುದು ಅದೇ ತಾರೀಖಿನಂದು. ಅಂತಿಮ ದರ್ಶನಕ್ಕೆ ಸುಮಾರು ಇಪ್ಪತ್ತು ಸಾವಿರ ಜನ ಬಂದರು. ೨೦೧೭ರ ನವೆಂಬರ್ ೧೮ರಂದು ಅವರನ್ನು ಧನ್ಯರೆಂದು ಸಾರಿದಾಗ ಡೆಟ್ರಾಯಿಟಿನ ಕ್ರೀಡಾಂಗಣದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿ ನೆರೆದಿದ್ದರು.

ಎಲ್ಲ ಸಂನ್ಯಾಸಿಗಳಿಗೂ ಶಾಂತವಾದ ಮರಣ ದೊರೆಯಲಿಲ್ಲ. ಹಾಲೆಂಡಿನ ಕಾರ್ಮೆಲೈಟ್ ಟೈಟಸ್ ಬ್ರಾಂಡ್ಸ್ಮಾ ನೈಮೇಗನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು, ಪತ್ರಿಕೆಗಳ ಆಪ್ತ ಸಲಹೆಗಾರರು. ನಾಜಿಗಳ ಜಾಹೀರಾತುಗಳನ್ನು ಮುದ್ರಿಸಬಾರದೆಂದು ಕೆಥೊಲಿಕ್ ಪತ್ರಿಕಾ ಸಂಪಾದಕರನ್ನು ಊರೂರಿಗೆ ಹೋಗಿ ಕಂಡು ಹೇಳಿದ ತಪ್ಪಿಗಾಗಿ ೧೯೪೨ರ ಜನವರಿಯಲ್ಲಿ ಬಂಧಿತರಾಗಿ, ಜುಲೈ ೨೬ರಂದು ದಾಖಾವ್ ಶಿಬಿರದಲ್ಲಿ ವಿಷದ ಚುಚ್ಚುಮದ್ದಿನಿಂದ ಕೊಲ್ಲಲ್ಪಟ್ಟರು. ಆ ಶಿಬಿರದ ಆಸ್ಪತ್ರೆಯ ದಾದಿಗೆ ಅವರು ತಮ್ಮ ಜಪಸರವನ್ನು ಕೊಟ್ಟಿದ್ದರು. ಚುಚ್ಚುಮದ್ದು ಕೊಟ್ಟವಳು ಆಕೆಯೇ. ಬಹುಕಾಲದ ಮೇಲೆ, ಅವರ ಸಂತಪದವಿಯ ವಿಚಾರಣೆಯಲ್ಲಿ ಆಕೆಯೇ ಮುಂದೆ ಬಂದು ಸಾಕ್ಷ್ಯ ನುಡಿದಳು. ಇದಕ್ಕೆ ನಾನು ಏನನ್ನೂ ಸೇರಿಸಲಾರೆ.

ನ್ಯೂಯಾರ್ಕಿನ ಫ್ರಾನ್ಸಿಸ್ಕನ್ ಮೈಕಲ್ ಜಡ್ಜರು ನಮ್ಮ ಕಾಲದವರು. ೧೯೩೩ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ರೈಲುನಿಲ್ದಾಣದಲ್ಲಿ ಬೂಟುಗಳಿಗೆ ಪಾಲಿಷ್ ಹಾಕಿ ಕಾಸು ಸಂಪಾದಿಸುತ್ತ, ಹತ್ತಿರದ ೩೧ನೆಯ ಬೀದಿಯ ಸಂತ ಫ್ರಾನ್ಸಿಸರ ದೇವಾಲಯಕ್ಕೆ ಹೋಗಿ ಅಲ್ಲಿನ ಕಂದುನಿಲುವಂಗಿಯ ಸಂನ್ಯಾಸಿಗಳನ್ನು ನೋಡುತ್ತಿದ್ದವರು ಮುಂದೆ ಅದೇ ಮಠದ ನಿವಾಸಿಯಾದರು. ೧೯೩೦ರಿಂದ ಪ್ರತಿದಿನ ಬೆಳಗ್ಗೆ ಹಸಿದವರಿಗೆ ರೊಟ್ಟಿ ಹಂಚುವ ಸಾಲು ಆ ದೇವಾಲಯದ ಮುಂದೆ ನಿಲ್ಲುತ್ತದೆ. ಏಡ್ಸ್ ಎಂಬ ಹೆಸರು ಕೇಳಿದರೆ ಜನ ಬೆದರಿ ದೂರ ಸರಿಯುತ್ತಿದ್ದ ೧೯೮೦ರ ದಶಕದಲ್ಲಿ ಅವರು ರೋಗಿಗಳ ಹಾಸಿಗೆಯ ಬಳಿ ಕುಳಿತು, ಅವರ ಪಾದಗಳಿಗೆ ಎಣ್ಣೆ ಸವರಿ ಸಂತೈಸಿದರು. ತಾವೂ ಒಮ್ಮೆ ಕುಡಿತದ ಚಟಕ್ಕೆ ಸಿಕ್ಕಿ ಬಿಡಿಸಿಕೊಂಡವರಾದ್ದರಿಂದ ಕುಡುಕರೊಡನೆ ಅವರು ಮೇಲಿನಿಂದ ಮಾತಾಡುತ್ತಿರಲಿಲ್ಲ. ೧೯೯೨ರಿಂದ ನಗರದ ಅಗ್ನಿಶಾಮಕ ದಳದ ಧರ್ಮಗುರುಗಳಾಗಿದ್ದರು. ೨೦೦೧ರ ಸೆಪ್ಟೆಂಬರ್ ೧೦ರಂದು ಬ್ರಾಂಕ್ಸಿನ ಅಗ್ನಿಶಾಮಕ ಠಾಣೆಯೊಂದರಲ್ಲಿ ಪೂಜೆ ಮಾಡಿ, ಕರೆ ಬಂದಾಗ ಹೊರಡುವುದಷ್ಟೇ ನಮ್ಮ ಕೆಲಸ, ಅದು ಎತ್ತ ಒಯ್ಯುವುದೋ ತಿಳಿಯದೆಂಬ ಅರ್ಥದ ಮಾತಾಡಿದರು. ಮರುದಿನ ಬೆಳಗ್ಗೆ ವಿಶ್ವವಾಣಿಜ್ಯ ಕೇಂದ್ರದ ಉತ್ತರ ಗೋಪುರದ ಕೆಳಹಜಾರದಲ್ಲಿ ಪ್ರಾರ್ಥಿಸುತ್ತಿದ್ದಾಗ, ಪಕ್ಕದ ಗೋಪುರ ಕುಸಿದು ನುಗ್ಗಿಬಂದ ಅವಶೇಷಗಳಿಂದ ಅವರ ಪ್ರಾಣ ಹೋಯಿತು. ಐದು ಜನ ಅವರನ್ನು ಕುರ್ಚಿಯಲ್ಲಿ ಹೊತ್ತು ತಂದು ಸಮೀಪದ ಸಂತ ಪೇತ್ರರ ದೇವಾಲಯದ ಪೀಠದೆದುರು ಮಲಗಿಸಿದರು. ಆ ದಿನದ ಮೃತರ ಅಧಿಕೃತ ದಾಖಲೆಯಲ್ಲಿ ಮೊದಲನೆಯ ಸಂಖ್ಯೆ ಅವರದು.

ಕನ್ನಡನಾಡಿನ ಕರಾವಳಿಗೂ ಈ ಭಿಕ್ಷುಸಂನ್ಯಾಸಿಗಳಿಗೂ ಸಂಬಂಧ ಹಳೆಯದು. ಪೋರ್ಚುಗೀಸರ ಕಾಲದ ಫ್ರಾನ್ಸಿಸ್ಕನ್ನರ ಹೆಸರಿನೊಡನೆ ಬೆಸೆದುಕೊಂಡಿರುವ ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದಲ್ಲಿ ಇಂದು ಕಪುಚಿನ್ನರಿದ್ದಾರೆ. ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಫ್ರೆಂಚ್ ಕಾರ್ಮೆಲೈಟ್ ಮರಿ ಎಫ್ರೆಮ್ ಅವರು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಕಲ್ಪಿಸಿ, ೧೮೭೦ರಲ್ಲಿ ಅದರ ಸೋದರಿಯರನ್ನು ಮಂಗಳೂರಿಗೆ ಬರಮಾಡಿಕೊಂಡು, ಮೂರೇ ವರ್ಷಗಳಲ್ಲಿ, ೧೮೭೩ರಲ್ಲಿ, ತೀರಿಕೊಂಡರು. ೧೯೨೧ರಲ್ಲಿ ಆ ಸಭೆಯವರೇ ತೆರೆದ ಸಂತ ಆಗ್ನೆಸ್ ಕಾಲೇಜಿನಲ್ಲಿ ಓದಿ ಹೊರಬಿದ್ದ ತಲೆಮಾರುಗಳಲ್ಲಿ ಅವರ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ! ಉಡುಪಿ ಸೀಮೆಯ ಕಪುಚಿನ್ ಗುರು ಆಲ್ಫ್ರೆಡ್ ರೋಚ್ ಅವರನ್ನು ಈಗ ದೇವಸೇವಕರೆಂದು ಕರೆದು, ಅವರ ಬದುಕಿನ ವಿಚಾರಣೆಯನ್ನು ಧರ್ಮಸಭೆ ಕೈಗೆತ್ತಿಕೊಂಡಿದೆ.

ಅಂಥ ವಿಚಾರಣೆ ಯಾರಿಗಾಗಿ ನಡೆಯುವುದಿಲ್ಲವೋ, ಅಂಥವರ ವಿಷಯವಾಗಿ ನನಗೆ ಹೆಚ್ಚಿನ ಕಳವಳವುಂಟು. ನಮ್ಮ ಕರಾವಳಿಯ, ಮಲೆನಾಡಿನ, ಬಯಲುಸೀಮೆಯ ಮಠಗಳಲ್ಲಿ ಬಾಳಿ, ತೋಟ ಮಾಡಿ, ಹಟ್ಟಿಗಳಿಗೆ ನಡೆದುಹೋಗಿ, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿ, ಕುಷ್ಠರೋಗಿಗಳ ವ್ರಣ ತೊಳೆದು ಹೋದ ಫಾದರುಗಳನ್ನೂ ಬ್ರದರುಗಳನ್ನೂ ಕಂಡುಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕುಳ್ಳಿರಿಸಿಕೊಂಡು ಕೇಳಿ ಬರೆದಿಡಬೇಕಾದ ಪ್ರಶ್ನೆಗಳು ದೊಡ್ಡವೇನೂ ಅಲ್ಲ: ಅವರು ಎಷ್ಟು ಹೊತ್ತಿಗೆ ಏಳುತ್ತಿದ್ದರು, ನಿಮ್ಮ ಮನೆಗೆ ಬಂದಾಗ ಎಲ್ಲಿ ಕೂತರು, ಏನು ಕುಡಿದರು, ಪಾಪನಿವೇದನೆಯನ್ನು ಕೊಂಕಣಿಯಲ್ಲಿ ಕೇಳುತ್ತಿದ್ದರೋ ತುಳುವಿನಲ್ಲೋ ಕನ್ನಡದಲ್ಲೋ, ಯಾರ ಜಗಳ ಬಿಡಿಸಿದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಮಳೆಗಾಲದಲ್ಲಿ ಹೊಳೆ ದಾಟುವಾಗ ನಿಲುವಂಗಿಯನ್ನು ಹೇಗೆ ಎತ್ತಿ ಕಟ್ಟುತ್ತಿದ್ದರು, ಊರಿನಿಂದ ವರ್ಗವಾಗಿ ಹೋಗುವಾಗ ಪೆಟ್ಟಿಗೆಯಲ್ಲಿ ಏನೇನಿತ್ತು. ಮಠಗಳ ದಫ್ತರಗಳಲ್ಲಿ ಇದಾವುದೂ ಸಿಗದು. ಚರ್ಚಿನ ಯುವಕರು ಮನಸ್ಸು ಮಾಡಿದರೆ, ಮುಂದಿನ ನವೆಂಬರಿನ ಮೃತರ ಸ್ಮರಣೆ ಬರುವಷ್ಟರಲ್ಲಿ ತಮ್ಮ ಊರಿನ ಮಟ್ಟಿಗಾದರೂ ಈ ಕೆಲಸವನ್ನು ಆರಂಭಿಸಬಹುದು.